ತಿಂಗಳು ತುಂಬದೆ ಹುಟ್ಟಿದ ಮಗುವಿನ ಬೆಳವಣಿಗೆ ಅಳೆಯುವುದು ಹೇಗೆ?

ಗರ್ಭದ 32 ವಾರ ತುಂಬುವ ಮೊದಲೇ ಹುಟ್ಟಿ, ಎನ್‌ಐಸಿಯುನಿಂದ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮನೆಗೆ ಬಂದ ಮಗುವನ್ನು ನೋಡಿ ‘ವಯಸ್ಸಿಗೆ ತಕ್ಕ ಮೈ ಇಲ್ಲವಲ್ಲ’ ಎನ್ನುವವರೇ ಹೆಚ್ಚು. ಎಷ್ಟೋ ಸಲ ಮಗು ಸರಿಯಾಗಿಯೇ ಬೆಳೆಯುತ್ತಿರುತ್ತದೆ, ತಪ್ಪಿರುವುದು ವಯಸ್ಸಿನ ಲೆಕ್ಕ.

ಹಾಗಾಗಿ ಮೊದಲ ಕೆಲಸ ವಯಸ್ಸು ಸರಿಪಡಿಸಿಕೊಳ್ಳುವುದು. ತಾಯಿ ಕಾರ್ಡಿನಲ್ಲಿರುವ ಹೆರಿಗೆಯ ನಿರೀಕ್ಷಿತ ದಿನಾಂಕದಿಂದ ಎಣಿಸಿದರೆ ಸಾಕು, ಕೂಡಿ ಕಳೆಯುವ ಗೋಜಿಲ್ಲ. 2025ರ ಜನವರಿ 1ರಂದು, ಸರಿಯಾಗಿ 28 ವಾರಕ್ಕೆ ಹುಟ್ಟಿದ ಮಗುವಿನ ನಿರೀಕ್ಷಿತ ದಿನ ಮಾರ್ಚ್ 26. ಜುಲೈ 1ಕ್ಕೆ ಅದಕ್ಕೆ ಆರು ತಿಂಗಳು ತುಂಬಿದರೂ ಬೆಳವಣಿಗೆಯ ಗ್ರಾಫಿನಲ್ಲಿ ಚುಕ್ಕಿ ಇಡಬೇಕಾದ್ದು ಮೂರು ತಿಂಗಳ ಆಸುಪಾಸಿನಲ್ಲಿ. ಎರಡು ವರ್ಷದವರೆಗೆ ಇದೇ ಲೆಕ್ಕ. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಆಧಾರ.

ನಿರೀಕ್ಷಿತ ದಿನ ಕಳೆದು ಹತ್ತು ವಾರದವರೆಗೆ ತಿಂಗಳು ತುಂಬದ ಮಕ್ಕಳಿಗೆಂದೇ ಇರುವ ಫೆಂಟನ್ ಗ್ರಾಫ್, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಗ್ರಾಫ್. ಗಂಡಿಗೂ ಹೆಣ್ಣಿಗೂ ಬೇರೆ ಬೇರೆ.

ಇನ್ನು ಅಳತೆ. ಮಗುವನ್ನು ಬಟ್ಟೆ, ಡೈಪರ್ ಪೂರ್ತಿ ಬಿಚ್ಚಿ ತೂಗಿ. ಒದ್ದೆ ಡೈಪರ್ ಒಂದೇ ನೂರು ಗ್ರಾಂ ದಾಟಬಹುದು. ಮನೆಗೆ ಬಂದ ಹೊಸತರಲ್ಲಿ ದಿನಕ್ಕೆ 20–30 ಗ್ರಾಂ ಏರಬೇಕು, ಅಂದರೆ ವಾರಕ್ಕೆ ಇನ್ನೂರು ಗ್ರಾಂ ಮುಟ್ಟಿದರೆ ಹೆಚ್ಚು. ನೂರು ಗ್ರಾಂಗೊಂದು ಗೆರೆಯಿರುವ ತೂಗುಹಾಕುವ ತಕ್ಕಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಹತ್ತು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕು, ಪ್ರತಿ ಸಲವೂ ಅದೇ ತಕ್ಕಡಿಯಾದರೆ ಒಳ್ಳೆಯದು. ಉದ್ದ ಅಳೆಯಲು ಇಬ್ಬರು ಬೇಕು: ಒಬ್ಬರು ತಲೆಯನ್ನು ಹಲಗೆಗೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಮಂಡಿ ನೀಡಿಸಿ ಪಾದ ನೆಟ್ಟಗೆ ನಿಲ್ಲಿಸಬೇಕು. ತಲೆಯ ಸುತ್ತಳತೆಗೆ ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಹಾಯಿಸಿ, ಮೂರು ಸಲ ಅಳೆದು ದೊಡ್ಡದನ್ನು ಬರೆದುಕೊಳ್ಳಿ. ದರ್ಜಿಯ ಹಳೇ ಟೇಪು ಬೇಡ.

ಮೂರು ಗೆರೆಗಳನ್ನೂ ಒಟ್ಟಿಗೆ ನೋಡಿ. ಸಾಮಾನ್ಯವಾಗಿ ತಲೆ ಮೊದಲು ಸುಧಾರಿಸುತ್ತದೆ, ಉದ್ದ ಕೊನೆಗೆ. ತಲೆಯ ಗೆರೆಯೊಂದೇ ಸರ್ರನೆ ಮೇಲೇರಿದರೆ ಮಿದುಳಲ್ಲಿ ನೀರು ತುಂಬುತ್ತಿರಬಹುದು, ತಿಂಗಳ ಭೇಟಿಗೆ ಕಾಯದೆ ಅಂದೇ ವೈದ್ಯರಿಗೆ ತೋರಿಸಿ. ತೂಕ ಮಾತ್ರ ಏರಿ ಉದ್ದ ನಿಂತಿದ್ದರೆ ಅದು ಹೆಚ್ಚಾಗಿ ಕೊಬ್ಬು. ಹಾಲಿನ ಪುಡಿ ಗಟ್ಟಿ ಕಲಸಿ ಕುಡಿಸುವುದರಿಂದ ಲಾಭವಿಲ್ಲ, ಹೊಟ್ಟೆಗೂ ಮೂತ್ರಪಿಂಡಕ್ಕೂ ಹೊರೆ.

ತೂಕ ಏರಿದಂತೆಲ್ಲ ಕಬ್ಬಿಣಾಂಶದ ಡ್ರಾಪ್ಸ್ ಚೀಟಿಯನ್ನೂ ತೆಗೆದು ನೋಡಿ. ಪ್ರಮಾಣ ತೂಕದ ಲೆಕ್ಕದಲ್ಲಿರುತ್ತದೆ. ಎರಡು ಕಿಲೋ ಇದ್ದಾಗ ಬರೆದದ್ದನ್ನೇ ನಾಲ್ಕು ಕಿಲೋ ಆದಾಗಲೂ ಕೊಟ್ಟರೆ ಸಿಗುವುದು ಅರ್ಧ ಮಾತ್ರ. ರಾಗಿ ಸರಿ ಶುರುಮಾಡುವುದು ಸರಿಪಡಿಸಿದ ವಯಸ್ಸು ಆರು ತಿಂಗಳಾದಾಗ.

ಎರಡು ವರ್ಷ ತುಂಬಿದಾಗ ಗ್ರಾಫ್ ದಿಢೀರ್ ಕುಸಿದಂತೆ ಕಾಣುತ್ತದೆ. ವಯಸ್ಸಿನ ರಿಯಾಯಿತಿ ಮುಗಿಯುವುದು ಒಂದು ಕಾರಣ. ಮಲಗಿಸುವ ಬದಲು ನಿಲ್ಲಿಸಿ ಅಳೆಯುವುದು ಇನ್ನೊಂದು, ಅದರಿಂದಲೇ ಸುಮಾರು 0.7 ಸೆಂ.ಮೀ. ಕಡಿಮೆಯಾಗುತ್ತದೆ. ಇದಕ್ಕೆ ಹೆದರಬೇಕಿಲ್ಲ. ಆದರೆ ಗರ್ಭದ ವಾರಕ್ಕೆ ತಕ್ಕ ತೂಕವೂ ಇಲ್ಲದೆ ಹುಟ್ಟಿದ ಮಗುವಿನ ಎತ್ತರ ನಾಲ್ಕು ವರ್ಷಕ್ಕೂ ಗ್ರಾಫಿನ ಕೆಳಗಿನ ಗೆರೆ ಮುಟ್ಟದಿದ್ದರೆ ಮಕ್ಕಳ ಹಾರ್ಮೋನು ತಜ್ಞರನ್ನು ಕಾಣಿ. ಹೋಗುವಾಗ ಹಳೆಯ ಅಳತೆಗಳೆಲ್ಲ ಜೊತೆಗಿರಲಿ, ತಂದೆತಾಯಿಯ ಎತ್ತರವನ್ನೂ ಕೇಳುತ್ತಾರೆ.