ಹಳೆಯ ಹೋಂಡಾ ಸಿಟಿ ಕೊಳ್ಳುವ ಮುನ್ನ ಏನನ್ನು, ಹೇಗೆ ನೋಡಬೇಕು

ಹೊಸ ಕಾರು ಕೊಳ್ಳುವವರ ಕಣ್ಣು ಈಗ ಎಸ್‌ಯುವಿಗಳ ಮೇಲಿದೆ. ಹೀಗಾಗಿ, ಹತ್ತು ವರ್ಷದ ಹಿಂದೆ ಮನೆ ಮುಂದೆ ಬಂದು ನಿಂತರೆ ಇಡೀ ಬೀದಿಗೆ ಸುದ್ದಿಯಾಗುತ್ತಿದ್ದ ಮಧ್ಯಮ ಗಾತ್ರದ ಸೆಡಾನ್‌ಗಳು ಇಂದು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಸಣ್ಣದೊಂದು ಹೊಸ ಕಾರಿನ ಬೆಲೆಗೆ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆಗೆ ಸಿಗುತ್ತಿವೆ. ನಾಲ್ಕೈದು ಜನರ ಕುಟುಂಬಕ್ಕೆ ಇದು ಒಳ್ಳೆಯ ಅವಕಾಶವೇ ಸರಿ. ಆದರೆ ಹಳೆಯ ಕಾರು ಕೊಳ್ಳುವವರು ಅದರ ಸೌಲಭ್ಯಗಳ ಪಟ್ಟಿಯನ್ನು ನೋಡಿ ಮನಸೋಲುತ್ತಾರೆ. ನಿಜಕ್ಕೂ ಅವರು ದುಡ್ಡು ಕೊಡುತ್ತಿರುವುದು ಆ ಕಾರು ಈವರೆಗೆ ಬಾಳಿದ ಬಾಳಿಗೆ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ರಸ್ತೆಗಳಲ್ಲಿ ಧಾರಾಳವಾಗಿ ಕಾಣಸಿಗುವ ನಾಲ್ಕನೇ ತಲೆಮಾರಿನ ಹೋಂಡಾ ಸಿಟಿಯನ್ನು ಪರೀಕ್ಷಿಸಿ ಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಸಿಟಿ ಭಾರತಕ್ಕೆ ಬಂದದ್ದು 1998ರಲ್ಲಿ. ನಾಲ್ಕನೇ ತಲೆಮಾರಿನ ಕಾರು 2014ರ ಜನವರಿಯಲ್ಲಿ ಬಿಡುಗಡೆಯಾಯಿತು. 2017ರ ಫೆಬ್ರವರಿಯಲ್ಲಿ ಅದರ ಮುಖಚಹರೆ ಬದಲಾಯಿತು. 2020ರ ಜುಲೈನಲ್ಲಿ ಐದನೇ ತಲೆಮಾರು ಬಂದ ಮೇಲೂ ನಾಲ್ಕನೆಯದು ಕೆಲವು ಕಾಲ ಅದರ ಜೊತೆಯಲ್ಲೇ ಮಾರಾಟವಾದ್ದರಿಂದ, ತಯಾರಾದ ವರ್ಷವೊಂದನ್ನೇ ನೋಡಿ ಕಾರು ಯಾವ ತಲೆಮಾರಿನದೆಂದು ಊಹಿಸಬಾರದು. ಪೆಟ್ರೋಲ್ ಕಾರಿನಲ್ಲಿರುವುದು 1497 ಸಿಸಿಯ ಐ-ವಿಟೆಕ್ ಎಂಜಿನ್; ಶಕ್ತಿ 119 ಪಿಎಸ್. ಡೀಸೆಲ್‌ನಲ್ಲಿರುವುದು 100 ಪಿಎಸ್‌ನ 1.5 ಲೀಟರ್ ಐ-ಡಿಟೆಕ್. ಡೀಸೆಲ್ ಕಾರಿಗೆ ಆರು ಗೇರಿನ ಮ್ಯಾನುಯಲ್ ಮಾತ್ರ. ಪೆಟ್ರೋಲ್‌ಗೆ ಐದು ಗೇರಿನ ಮ್ಯಾನುಯಲ್ ಅಥವಾ ಸಿವಿಟಿ, ಎಂದರೆ ಮೆಟ್ಟಿಲಿನಂಥ ಗೇರುಗಳಿಲ್ಲದ, ಆಟೊಮ್ಯಾಟಿಕ್.

ಈ ಕಾರಿನ ಆಕರ್ಷಣೆ ಇರುವುದು ಹಿಂದಿನ ಸೀಟಿನಲ್ಲಿ ಮತ್ತು ಡಿಕ್ಕಿಯಲ್ಲಿ. ಮುಂದೆ ಆರಡಿ ಎತ್ತರದವರು ಸೀಟು ಹಿಂದಕ್ಕೆ ತಳ್ಳಿ ಕುಳಿತರೂ ಹಿಂದಿನವರ ಮೊಣಕಾಲಿಗೆ ಜಾಗ ಉಳಿಯುತ್ತದೆ. ಹಿಂದಿನವರಿಗೇ ಪ್ರತ್ಯೇಕ ಎಸಿ ಕಿಂಡಿಯಿರುವ ಕಾರಾದರೆ, ಬೇಸಿಗೆಯಲ್ಲಿ ಕಲಬುರಗಿಗೋ ಬಳ್ಳಾರಿಗೋ ಹೋಗುವಾಗ ಅದರ ಬೆಲೆ ತಿಳಿಯುತ್ತದೆ. ಡಿಕ್ಕಿಯ ಅಳತೆ 510 ಲೀಟರ್. ಸೆಡಾನ್‌ನ ಡಿಕ್ಕಿ ಒಳಾಂಗಣದಿಂದ ಬೇರೆಯಾಗಿರುವುದರಿಂದ ಊರಿನಿಂದ ಹಲಸಿನ ಹಣ್ಣನ್ನೋ ಒಣಮೀನನ್ನೋ ತರುವ ಮನೆಯವರಿಗೆ ಎಷ್ಟು ಅನುಕೂಲವೆಂಬುದು ಹ್ಯಾಚ್‌ಬ್ಯಾಕ್ ಇಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು. ಹಿಂದಿನ ಸೀಟಿನಲ್ಲಿ ಇನ್ನೂ ಹೆಚ್ಚು ಜಾಗ ಬೇಕೆನ್ನುವವರು 2014ರ ಅಕ್ಟೋಬರ್‌ನಲ್ಲಿ ಬಂದ ಮಾರುತಿ ಸಿಯಾಜನ್ನೂ ನೋಡಬಹುದು. ಅದರ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2650 ಮಿಲಿಮೀಟರ್, ಎಂದರೆ ಸಿಟಿಗಿಂತ 50 ಮಿಲಿಮೀಟರ್ ಹೆಚ್ಚು. ಪರೀಕ್ಷೆಯ ಕ್ರಮ ಎರಡಕ್ಕೂ ಒಂದೇ.

ಕೊರತೆಯೂ ಇದೆ. ಸೆಡಾನ್‌ನ ಸೀಟು ತಗ್ಗಿನಲ್ಲಿರುತ್ತದೆ. ಮಂಡಿನೋವಿರುವ ತಂದೆ ತಾಯಿಯರು ಒಳಗೆ ಇಳಿದು ಕೂತು ಮತ್ತೆ ಮೇಲೇಳಬೇಕು. ಆದ್ದರಿಂದ ಕಾರು ನೋಡಲು ಹೋಗುವಾಗ ಅವರನ್ನು ಕರೆದೊಯ್ದು, ಎರಡು ಸಲ ಹತ್ತಿಳಿಯಲು ಹೇಳುವುದು ಒಳ್ಳೆಯದು. ಇನ್ನೊಂದು ಸಂಗತಿಯೆಂದರೆ, ನೆಲದಿಂದ ಕಾರಿನ ತಳಕ್ಕೆ ಇರುವ ಅಂತರ 165 ಮಿಲಿಮೀಟರ್. ಒಬ್ಬರೇ ಓಡಿಸುವಾಗ ಇದು ಸಾಕೆನಿಸುತ್ತದೆ. ಐದು ಜನರೂ ಸಾಮಾನೂ ತುಂಬಿಕೊಂಡಾಗ ನಮ್ಮ ಬಡಾವಣೆಗಳ ಅವೈಜ್ಞಾನಿಕ ಹಂಪ್‌ಗಳು ತಳವನ್ನು ಉಜ್ಜದೆ ಬಿಡುವುದಿಲ್ಲ.

ಯಾವ ಮಾದರಿಯನ್ನು ಆರಿಸಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಸರಳವಾದುದು: ಸಿಂಗಲ್ ಓನರ್ ಬಳಸಿದ, ಸರ್ವಿಸ್ ದಾಖಲೆ ಪೂರ್ತಿಯಾಗಿರುವ, ಮಧ್ಯಮ ದರ್ಜೆಯ ಪೆಟ್ರೋಲ್ ಮ್ಯಾನುಯಲ್. ಮೇಲಿನ ದರ್ಜೆಯ ಕಾರಿನಲ್ಲಿ ಸನ್‌ರೂಫ್ ಇರುತ್ತದೆ, ಮಕ್ಕಳು ಅದನ್ನೇ ಕೇಳುತ್ತಾರೆ. ಆದರೆ ಎಂಟು ವರ್ಷದ ಸನ್‌ರೂಫಿನ ರಬ್ಬರು ಗಟ್ಟಿಯಾಗಿ, ನೀರು ಹರಿಯುವ ಕೊಳವೆಯಲ್ಲಿ ಕಸ ಕಟ್ಟಿಕೊಂಡಿದ್ದರೆ ಮಳೆಗಾಲದಲ್ಲಿ ತಲೆಯ ಮೇಲೆ ತೊಟ್ಟಿಕ್ಕುತ್ತದೆ. ಸುರಕ್ಷತೆಗೆ ಪ್ರಾಶಸ್ತ್ಯ ಕೊಡುವವರು 2017ರ ನಂತರದ, ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಜೆಡ್‌ಎಕ್ಸ್ ಹುಡುಕುವುದಾದರೆ ಅದಕ್ಕೆ ಅರ್ಥವಿದೆ, ಏಕೆಂದರೆ ಅದರಲ್ಲಿ ಆರು ಏರ್‌ಬ್ಯಾಗ್‌ಗಳಿವೆ. ಡೀಸೆಲ್ ಎಂಜಿನ್ ಮೈಲೇಜಿನಲ್ಲಿ ಗಟ್ಟಿ, ಸದ್ದಿನಲ್ಲೂ ಗಟ್ಟಿ. ವಾರಕ್ಕೊಮ್ಮೆ ಊರಿಗೆ ಹೋಗಿಬರುವಷ್ಟು ಓಡಾಟವಿಲ್ಲದವರಿಗೆ ಅದು ಬೇಡ. ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳ ಮೇಲೆ ನಿರ್ಬಂಧ ಬಂದ ಕಾರಣಕ್ಕೆ ಅಲ್ಲಿನ ಕಾರುಗಳು ಅಗ್ಗದಲ್ಲಿ ದಕ್ಷಿಣಕ್ಕೂ ಬರುತ್ತವೆ. ಆದರೆ ಕರ್ನಾಟಕದಲ್ಲಿ ಮರುನೋಂದಣಿಗೆ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನು ಕೂಡಿಸಿ ನೋಡಿದಾಗ ಆ ಅಗ್ಗ ಬಹುಪಾಲು ಕರಗಿಹೋಗುತ್ತದೆ.

ಕಾರು ನೋಡಲು ಬೆಳಗ್ಗೆಯೇ ಹೋಗಬೇಕು, ನಾವು ಬರುವ ತನಕ ಸ್ಟಾರ್ಟ್ ಮಾಡಬಾರದೆಂದು ಮುಂಚೆಯೇ ಹೇಳಿರಬೇಕು. ಹೋದ ಕೂಡಲೆ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ. ಬೆಚ್ಚಗಿದ್ದರೆ ಮಾರುವವರು ಏನನ್ನೋ ಮರೆಸಲು ಮೊದಲೇ ಎಂಜಿನ್ ಓಡಿಸಿರಬಹುದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್ ಬಳಿ ಒಬ್ಬರು ನಿಂತಿರಬೇಕು: ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಬಿಳಿ ಆವಿ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೇರುತ್ತಿರುವ ಅನುಮಾನ ಪಡಬೇಕು. ಈ ಪೆಟ್ರೋಲ್ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಹಾಗಾಗಿ ಇಷ್ಟು ಕಿಲೋಮೀಟರಿಗೆ ಬೆಲ್ಟ್ ಬದಲಿಸಬೇಕೆಂಬ ಖರ್ಚಿಲ್ಲ. ಆದರೆ ಆಯಿಲ್ ಕಾಲಕಾಲಕ್ಕೆ ಬದಲಿಸದ ಕಾರಿನಲ್ಲಿ ಚೈನ್ ಸಡಿಲಗೊಂಡು, ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಗಲಗಲ ಸದ್ದು ಮಾಡುತ್ತದೆ.

ಮೀಟರ್ ತೋರಿಸುವ ಕಿಲೋಮೀಟರನ್ನು ಯಾರೂ ನಂಬಬೇಕಾಗಿಲ್ಲ, ಏಕೆಂದರೆ ಅದನ್ನು ಹಿಂದಕ್ಕೆ ತಿರುಗಿಸುವುದು ಅರ್ಧ ಗಂಟೆಯ ಕೆಲಸ. ಬ್ರೇಕ್ ಪೆಡಲಿನ ರಬ್ಬರು, ಸ್ಟೀರಿಂಗಿನ ಮೇಲುಹೊದಿಕೆ, ಚಾಲಕನ ಸೀಟಿನ ಬಲ ಅಂಚು, ಈ ಮೂರು ಮಾತ್ರ ಸುಳ್ಳು ಹೇಳುವುದಿಲ್ಲ. ಮೀಟರಿನಲ್ಲಿ 45,000 ಇದ್ದು ಪೆಡಲಿನ ಗೆರೆಗಳು ಪೂರ್ತಿ ಸವೆದಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ. ಮಾಲೀಕರ ಒಪ್ಪಿಗೆ ಪಡೆದು ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ನೋಂದಣಿ ಸಂಖ್ಯೆಯ ಮೇಲೆ ಹಳೆಯ ದಾಖಲೆಗಳನ್ನು ತೆಗೆಸಿದರೆ ಪ್ರತಿ ಸಲ ಬಂದಾಗಿನ ಕಿಲೋಮೀಟರ್ ಸಾಲಾಗಿ ಸಿಗುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಬೇಕು. 3219 ಎಂದಿದ್ದರೆ ಅದು 2019ನೇ ಇಸವಿಯ 32ನೇ ವಾರದಲ್ಲಿ ತಯಾರಾದ ಟೈರು. ಕಡಿಮೆ ಓಡಿದೆಯೆಂದು ಹೇಳುವ ಕಾರಿಗೆ ಈಗಾಗಲೇ ಎರಡನೇ ಜೊತೆ ಟೈರು ಬಂದಿದ್ದರೆ ಕಾರಣ ಕೇಳಬೇಕು.

ಅಪಘಾತದ ಗುರುತು ಹೊರಗಿನ ಹೊಳಪಿನಲ್ಲಿ ಕಾಣುವುದಿಲ್ಲ. ಬಾನೆಟ್ ತೆರೆದು ಎರಡೂ ಬದಿಯ ಏಪ್ರನ್ (ಮುಂದಿನ ಚಕ್ರದ ಮೇಲಿರುವ ಒಳತಗಡು) ಮೇಲಿನ ವೆಲ್ಡಿಂಗ್ ಚುಕ್ಕೆಗಳನ್ನು ಹೋಲಿಸಿ ನೋಡಬೇಕು. ಕಂಪನಿಯ ಚುಕ್ಕೆಗಳು ಸಮಾನ ಅಂತರದಲ್ಲಿ ದುಂಡಗಿರುತ್ತವೆ, ಟಿಂಕರಿಂಗ್ ಆದ ಕಡೆ ಅವು ಒರಟಾಗಿರುತ್ತವೆ ಅಥವಾ ಪೇಸ್ಟಿನಡಿ ಮುಚ್ಚಿಹೋಗಿರುತ್ತವೆ. ಫೆಂಡರ್ ಮತ್ತು ಬಾಗಿಲಿನ ಬೋಲ್ಟ್‌ಗಳ ತಲೆಯ ಮೇಲೆ ಬಣ್ಣ ಕಿತ್ತಿದ್ದರೆ ಸ್ಪ್ಯಾನರ್ ತಾಗಿದೆಯೆಂದೇ ಅರ್ಥ. ಬಂಪರ್ ಬದಲಾಗಿದ್ದರೆ ಅದು ದೊಡ್ಡ ವಿಷಯವಲ್ಲ, ಬೆಂಗಳೂರಿನಲ್ಲಿ ಗೀರು ಬೀಳದ ಬಂಪರ್ ಇರುವುದೇ ಅಪರೂಪ. ಏಪ್ರನ್‌ಗೆ ಅಥವಾ ಚಾವಣಿಯನ್ನು ಹೊತ್ತ ಪಿಲ್ಲರ್‌ಗೆ ಪೆಟ್ಟಾಗಿದ್ದರೆ ಮಾತ್ರ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬಾರದು.

ನೀರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆಯ ಬಡಾವಣೆಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದವು. ಮುಳುಗಿದ ಕಾರು ತೊಳೆದು ಒಣಗಿಸಿದರೆ ನೋಡಲು ಹೊಸದರಂತೆಯೇ ಕಾಣುತ್ತದೆ. ಅದರ ವೈರಿಂಗ್ ಮಾತ್ರ ಒಂದೆರಡು ವರ್ಷದಲ್ಲಿ ಒಂದೊಂದಾಗಿ ಕೈಕೊಡಲು ಶುರುಮಾಡುತ್ತದೆ. ನಮ್ಮ ಭಾವನವರಿಗೆಂದು ನೋಡಿದ ಕಾರೊಂದು ಹೀಗೆಯೇ ಇತ್ತು: ಬಿಳಿ ಬಣ್ಣ, ಒಳಗೆ ಸುಗಂಧ, ಹೊಸ ಸೀಟ್ ಕವರ್. ಜೊತೆಗೆ ಬಂದಿದ್ದ ಮೆಕ್ಯಾನಿಕ್ ಎಂಜಿನ್ ಕಡೆಗೆ ತಿರುಗಿಯೂ ನೋಡದೆ ಹಿಂದಿನ ಸೀಟಿನಲ್ಲಿ ಕುಳಿತು ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರು. ದಿನಬಳಕೆಯಲ್ಲಿ ಎಂದೂ ಹೊರಬರದ ಕೊನೆಯ ಒಂದು ಗೇಣಿನಷ್ಟು ಪಟ್ಟಿಯ ಮೇಲೆ ಕಂದು ಬಣ್ಣದ ಗೆರೆಯೊಂದು ಅಡ್ಡಲಾಗಿ ಬಿದ್ದಿತ್ತು; ಉಗುರಿನಿಂದ ಕೆರೆದಾಗ ಸಣ್ಣ ಮಣ್ಣು ಉದುರಿತು. “ಸಾರ್, ಈ ಗಾಡಿ ನೀರು ಕುಡಿದಿದೆ, ನಡೀರಿ” ಎಂದಷ್ಟೇ ಹೇಳಿ ಅವರು ಇಳಿದರು. ಆ ಒಂದು ಪರೀಕ್ಷೆಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ. ಅದರ ಜೊತೆಗೆ ಸೀಟಿನ ಹಳಿಯ ಬೋಲ್ಟ್‌ಗಳಲ್ಲಿ ತುಕ್ಕು, ಕಾರ್ಪೆಟಿನ ಅಡಿಯ ಮುಗ್ಗಲು ವಾಸನೆ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದಾಗ ಅದರ ಗುಂಡಿಯ ತಳದಲ್ಲಿ ಉಳಿದ ಕೆಸರು, ಇವನ್ನೂ ನೋಡಬೇಕು.

ನಂಬರ್ ಪ್ಲೇಟನ್ನೂ ಓದಬೇಕು, ಏಕೆಂದರೆ ಕಾರು ಬಾಳಿದ ಊರು ಅದರಲ್ಲಿರುತ್ತದೆ. ಕೆಎ-19 ಅಥವಾ ಕೆಎ-20, ಎಂದರೆ ಮಂಗಳೂರು, ಉಡುಪಿಯ ಕಾರಾದರೆ ಉಪ್ಪುಗಾಳಿಗೆ ತಳಭಾಗ ತುಕ್ಕು ಹಿಡಿದಿದೆಯೇ ಎಂದು ಮೇಲಕ್ಕೆತ್ತಿ ನೋಡಬೇಕು. ಬೆಂಗಳೂರಿನ ಕಾರಿನಲ್ಲಿ ತುಕ್ಕು ಕಡಿಮೆ, ಕ್ಲಚ್ ಸವೆತ ಹೆಚ್ಚು. ನಾಲ್ಕನೇ ಗೇರಿನಲ್ಲಿ ಹೋಗುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಸಿವಿಟಿ ಕಾರಾದರೆ ನೆಲಮಾಳಿಗೆಯ ಏರು ದಾರಿಯಲ್ಲಿ ನಿಲ್ಲಿಸಿ ನಿಧಾನವಾಗಿ ಹತ್ತಿಸಬೇಕು. ನಡುಕ ಕಂಡುಬಂದರೆ, ಅಥವಾ ಡಿ ಮತ್ತು ಆರ್ ನಡುವೆ ಬದಲಿಸಿದಾಗ ತಡವಾಗಿ ಹಿಡಿದುಕೊಂಡರೆ, ಸಿವಿಟಿಯ ಫ್ಲೂಯಿಡ್ ಯಾವಾಗ ಬದಲಾಯಿತೆಂಬ ಬಿಲ್ ಕೇಳಬೇಕು. ಬಿಲ್ ಇಲ್ಲದಿದ್ದರೆ ಆ ಕಾರು ಬಿಟ್ಟುಬಿಡುವುದೇ ಲೇಸು. ಗುಂಡಿಗಳ ರಸ್ತೆಯಲ್ಲಿ ಕಿಟಕಿ ಏರಿಸಿ, ಮ್ಯೂಸಿಕ್ ಆರಿಸಿ ಓಡಿಸಿದರೆ ಸಸ್ಪೆನ್ಷನ್ನಿನ ಬುಷ್ ಸವೆದ ಕಟಕಟ ಸದ್ದು ತಾನಾಗಿ ಕೇಳುತ್ತದೆ. ಕೆಲವು ದರ್ಜೆಯ ಕಾರುಗಳಲ್ಲಿ ಎಸಿಗೆ ಗುಂಡಿಗಳ ಬದಲು ಮುಟ್ಟುವ ಫಲಕವಿದೆ. ಅದರ ಪ್ರತಿ ಮೂಲೆಯನ್ನೂ ಮುಟ್ಟಿ ಕೆಲಸ ಮಾಡುತ್ತದೆಯೇ ಎಂದು ನೋಡಬೇಕು.

ಒಬ್ಬ ಮೆಕ್ಯಾನಿಕ್ಕನ್ನು ದುಡ್ಡು ಕೊಟ್ಟು ಕರೆದೊಯ್ಯುವುದು ವೆಚ್ಚವಲ್ಲ, ಉಳಿತಾಯ. ಅವರ ಬಳಿ ಸ್ಕ್ಯಾನರ್ ಇದ್ದರೆ ಡ್ಯಾಶ್‌ಬೋರ್ಡಿನಡಿಯ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷಗಳನ್ನು ಓದುವ ಕಿಂಡಿಗೆ) ಸಿಕ್ಕಿಸಿ ಓದಿಸಬೇಕು. ದೋಷದ ಕೋಡ್ ಒಂದೂ ಇಲ್ಲದೆ, ಕಾರಿನ ಸ್ವಪರೀಕ್ಷೆಗಳು ಮಾತ್ರ ಅಪೂರ್ಣ ಎಂದು ತೋರಿಸಿದರೆ ನೀವು ಬರುವ ಸ್ವಲ್ಪ ಮುಂಚೆ ಯಾರೋ ಕೋಡ್ ಅಳಿಸಿರುವ ಸಾಧ್ಯತೆಯಿದೆ. ಕೆಲವು ಅವಧಿಯಲ್ಲಿ ತಯಾರಾದ ಸಿಟಿಗಳ ಇಂಧನ ಪಂಪನ್ನು ಉಚಿತವಾಗಿ ಬದಲಿಸಿಕೊಡುವುದಾಗಿ ಕಂಪನಿ ಪ್ರಕಟಿಸಿತ್ತು. ಚಾಸಿಸ್ ಸಂಖ್ಯೆ ಕೊಟ್ಟರೆ ಆ ಕೆಲಸ ಆಗಿದೆಯೋ ಇಲ್ಲವೋ ಎಂಬುದನ್ನು ಸರ್ವಿಸ್ ಸೆಂಟರಿನವರು ತಿಳಿಸುತ್ತಾರೆ.

ಕಾರು ಒಪ್ಪಿಗೆಯಾದ ಮೇಲೆ ಕಾಗದಪತ್ರ. ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಕಾರಿನ ಮೇಲೆ ಕೊರೆದಿರುವುದರೊಂದಿಗೆ ಅಕ್ಷರ ಅಕ್ಷರವಾಗಿ ತಾಳೆ ನೋಡಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಅಡ್ವಾನ್ಸ್‌ಗಿಂತ ಹೆಚ್ಚಿನ ಹಣ ಕೊಡಬಾರದು. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30ಕ್ಕೆ ಸಹಿ ಬೇಕು. ಹೊರರಾಜ್ಯದ ಕಾರಾದರೆ ಫಾರಂ 28ರ ಎನ್‌ಒಸಿ ಕೂಡ ಬೇಕು. ಟ್ರಾಫಿಕ್ ದಂಡ ಎಷ್ಟು ಬಾಕಿ ಇದೆಯೆಂದು ಆನ್‌ಲೈನ್‌ನಲ್ಲಿ ನೋಡಿ ಮಾರುವವರಿಂದಲೇ ಕಟ್ಟಿಸಬೇಕು. ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಹಾಗೆ ಸಿಲಿಂಡರ್ ಕೂತ ಮೇಲೆ 510 ಲೀಟರಿನ ಡಿಕ್ಕಿಯಲ್ಲಿ ಉಳಿಯುವುದು ಒಂದೆರಡು ಚೀಲದ ಜಾಗ, ಅದಕ್ಕಾಗಿ ಸೆಡಾನ್ ಏಕೆ ಕೊಳ್ಳಬೇಕೆಂಬುದು ಬೇರೆ ಮಾತು.

ಚೌಕಾಸಿಯನ್ನು ಬಾಯಿಮಾತಿನಲ್ಲಿ ಮಾಡದೆ ಕಾಗದದ ಮೇಲೆ ಮಾಡಬೇಕು. ನಾಲ್ಕು ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಮುಗಿಯಲು ಬಂದಿರುವ ವಿಮೆ ಮುಂತಾದವಕ್ಕೆ ತಗಲುವ ಮೊತ್ತವನ್ನು ಬರೆದು ತೋರಿಸಿದರೆ, “ಕೊನೆಯ ಬೆಲೆ ಹೇಳಿ” ಎಂಬ ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ಎರಡನೇ ಕೀ ಇಲ್ಲದಿದ್ದರೆ ಅದರ ಬೆಲೆಯನ್ನೂ ಕಳೆಯಬೇಕು.

ಕಾನೂನಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಪರಿಹಾರ ಕೇಳದಿದ್ದವರಿಗೆ ಸಿಗುವ ವಿಮಾ ರಿಯಾಯಿತಿ) ಅವರ ಹಿಂದೆಯೇ ಹೋಗುವುದರಿಂದ ನಿಮಗೆ ಅದರ ವ್ಯತ್ಯಾಸದ ಹಣ ಬೀಳುತ್ತದೆ. ಕೀ ಕೈಗೆ ಬರುವ ಹೊತ್ತಿಗೆ ದಿನಾಂಕ, ಗಂಟೆ, ಮೀಟರಿನ ಕಿಲೋಮೀಟರ್ ಮೂರನ್ನೂ ಬರೆದ ಡೆಲಿವರಿ ನೋಟಿಗೆ ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಅದೇ ದಿನ ಯಾವುದೋ ಸಿಗ್ನಲಿನ ಕ್ಯಾಮೆರಾ ಈ ಕಾರಿನ ಚಿತ್ರ ತೆಗೆದಿದ್ದರೆ, ದಂಡ ಯಾರ ಪಾಲಿಗೆಂಬುದನ್ನು ಆ ಚೀಟಿಯಲ್ಲಿ ಬರೆದ ಗಂಟೆ ಹೇಳುತ್ತದೆ.