ಹಂಚಿನ ಮುಂದೆ ನಿಂತೇ ಕಲಿತ ಧ್ಯಾನ: ನನ್ನ ಅನುಭವ

ದೋಸೆ ಹುಯ್ಯುತ್ತಾ ಧ್ಯಾನ ಆಗಲ್ಲ ಅಂತ ನಮ್ಮಣ್ಣ ಹೇಳಿದ್ದ. ಧ್ಯಾನ ಕಲಿಸಿದ ಮೇಷ್ಟ್ರೂ ಹೇಳಿದ್ದರು. ಈಗ ಎರಡು ವರ್ಷದ ಮೇಲಾಯ್ತು, ಆಗಿದೆ. ಅದಕ್ಕೇ ಬರೀತಿದ್ದೀನಿ.

ದಾವಣಗೆರೆಯಲ್ಲಿ ನಂದೊಂದು ಸಣ್ಣ ಬೆಣ್ಣೆದೋಸೆ ಹೋಟೆಲು. ಲಾಕ್‌ಡೌನ್ ಮುಗಿದ ಮೇಲೆ ಸಾಲ ತಲೆ ಮೇಲೆ ಕೂತಿತ್ತು. ಒಂದು ಬೆಳಿಗ್ಗೆ ಒಲೆ ಮುಂದೆ ಎದೆ ಢವಗುಟ್ಟಿ, ಕೈ ಬೆವೆತು, ಸತ್ತೇ ಹೋದೆ ಅನ್ನಿಸಿತು. ಇಸಿಜಿ, ಸ್ಕ್ಯಾನಿಂಗು, ರಕ್ತಪರೀಕ್ಷೆ ಎಲ್ಲಾ ಸೇರಿ ಎಂಟೊಂಬತ್ತು ಸಾವಿರ ಖರ್ಚಾಯ್ತು. ಹೃದಯ ಗಟ್ಟಿಯಾಗಿದೆ, ಇದು ಆತಂಕ ಅಂದರು ಡಾಕ್ಟರು. ಮಾತ್ರೆ ಬರೆದರು, ಜೊತೆಗೆ ಧ್ಯಾನ ಕಲಿ ಅಂದರು. ಮಾತ್ರೆಯನ್ನ ಹದಿನಾಲ್ಕು ತಿಂಗಳು ತಗೊಂಡೆ, ಅವರೇ ಕಡಿಮೆ ಮಾಡಿಸಿ ನಿಲ್ಲಿಸಿದರು. ಧ್ಯಾನ ಹಿಡಿದವರು ತಾವಾಗೇ ಮಾತ್ರೆ ಬಿಡೋದು ನೋಡಿದ್ದೀನಿ, ದಯವಿಟ್ಟು ಹಂಗೆ ಮಾಡಬೇಡಿ.

ಮೊದಲು ಮೊಬೈಲ್ ಆ್ಯಪ್ ತಗೊಂಡೆ, ವರ್ಷಕ್ಕೆ ಎರಡು ಸಾವಿರದ ಹತ್ತಿರ. ಹದಿನೈದು ದಿನಕ್ಕೆ ಬಿಟ್ಟೆ. ಆಮೇಲೆ ಎಂಟು ವಾರದ ಕ್ಲಾಸು, ಆರೂವರೆ ಸಾವಿರ. ಜಾನ್ ಕಬಟ್-ಜಿನ್ ಅನ್ನೋರು 1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆ ಶುರು ಮಾಡಿದ ಪದ್ಧತಿ ಅದು, ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ ಮಾಡಬೇಕು. ನಾಲ್ಕಕ್ಕೆ ಎದ್ದು ಒಲೆ ಹಚ್ಚೋನಿಗೆ ಆ 45 ನಿಮಿಷ ಎಲ್ಲಿಂದ ಬರಬೇಕು? ಹತ್ತು ದಿನದ ವಿಪಸ್ಸನ ಧ್ಯಾನ ಶಿಬಿರಕ್ಕೂ ಹೋದೆ. ಅಲ್ಲಿ ಶುಲ್ಕ ಇಲ್ಲ, ಆದರೆ ಹೋಟೆಲು ಮುಚ್ಚಿದ್ದಕ್ಕೆ ಮೂವತ್ತು ಸಾವಿರದ ವ್ಯಾಪಾರ ಹೋಯ್ತು. ಬಂದ ಮೇಲೆ ಮೂರು ವಾರ ಚೆನ್ನಾಗಿದ್ದೆ, ಮತ್ತೆ ಅದೇ ಢವಢವ.

ತೊಂದರೆ ಎಲ್ಲಿದೆ ಅಂತ ತಿಳಿಯೋಕೆ ತಡವಾಯ್ತು. ಕಣ್ಣು ಮುಚ್ಚಿ ಉಸಿರು ನೋಡು ಅಂತಾರೆ. ನನಗೆ ಉಸಿರು ನೋಡಿದರೆ ಎದೆಬಡಿತ ಕೇಳಿಸುತ್ತೆ, ಅದು ಕೇಳಿಸಿದರೆ ಭಯ ಏಳುತ್ತೆ, ಭಯ ಎದ್ದರೆ ಉಸಿರೇ ಕಟ್ಟುತ್ತೆ. ಗಮನ ಇಡೋ ಜಾಗ ಎದೆಯ ಹೊರಗೆ ಇರಬೇಕಿತ್ತು.

ಆ ಜಾಗ ಹಂಚಿನ ಮೇಲೆ ಸಿಕ್ಕಿತು. ಬಿಸಿ ಹಂಚಿಗೆ ನೀರು ಚಿಮುಕಿಸ್ತೀವಲ್ಲ, ಕಾವು ಹೆಚ್ಚಾಗಿದ್ದರೆ ಹನಿಗಳು ಮುತ್ತಿನ ಹಾಗೆ ಉರುಳಾಡ್ತವೆ, ಬೇಗ ಆರಲ್ಲ. ಹದವಾಗಿದ್ದರೆ ಚುಂಯ್ ಅಂದು ಅಲ್ಲೇ ಇಂಗ್ತವೆ. ಇಪ್ಪತ್ತು ವರ್ಷ ಚಿಮುಕಿಸಿದ್ದೆ, ಆ ಸದ್ದು ಎಲ್ಲಿ ಮುಗಿಯುತ್ತೆ ಅಂತ ಒಂದು ಸಲವೂ ಕೇಳಿರಲಿಲ್ಲ. ಕೇಳಿ ನೋಡಿ: ಜೋರಾಗಿ ಎದ್ದು, ಸಣ್ಣಗಾಗಿ, ಕೊನೆಗೆ ಒಲೆಯ ಸೌದೆ ಸದ್ದಿನೊಳಗೆ ಸೇರಿಹೋಗುತ್ತೆ. ಅದು ಸೇರೋವರೆಗೆ ಹಿಟ್ಟು ಹುಯ್ಯಬಾರದು, ಅಂಗಾಲು ಎರಡೂ ನೆಲಕ್ಕೆ ಊರಿರಬೇಕು. ಮೂರು ಸೆಕೆಂಡೋ ನಾಲ್ಕೋ ಅಷ್ಟೇ. ಬೆಳಿಗ್ಗೆಯಿಂದ ಮಧ್ಯಾಹ್ನದೊಳಗೆ ಸುಮಾರು ಎಂಬತ್ತು ಸಲ ಹಂಚು ಬಳಿಯೋದು, ಅಂದರೆ ಎಂಬತ್ತು ಸಲ ಅಭ್ಯಾಸ. ಕೂತು ಮಾಡೋ ಯಾರಿಗೆ ಇಷ್ಟು ಸಿಗುತ್ತೆ? ಮನಸ್ಸು ಸಾಲದ ಕಡೆ ಓಡಿದ್ದರೆ ಬೈಯ್ಯಲ್ಲ, 'ಸಾಲ' ಅಂತ ಹೆಸರಿಟ್ಟು ಮುಂದಿನ ಚುಂಯ್‌ಗೆ ಬರ್ತೀನಿ. ಬೆಣ್ಣೆ ಹಾಕುವಾಗ ಇನ್ನೊಂದು ಕೆಲಸ ಮಾಡ್ತೀನಿ, ಅದನ್ನ ಇಲ್ಲಿ ಬರೆಯಲ್ಲ. ಹಿಟ್ಟಿಗೆ ಎಷ್ಟು ಮಂಡಕ್ಕಿ ಅನ್ನೋದನ್ನೂ ಬರೆಯಲ್ಲ.

ಲೆಕ್ಕ ಏನು ಅಂತ ಕೇಳೋರಿಗೆ: ಗಮನ ತಪ್ಪಿ ಸೀದುಹೋದ ದೋಸೆ ಎಣಿಸಿದೆ. ಮೊದಲು ದಿನಕ್ಕೆ ಹದಿನೈದು, ಕೆಲವು ದಿನ ಇಪ್ಪತ್ತು. ಮೂರು ತಿಂಗಳಲ್ಲಿ ಆರಕ್ಕೆ ಬಂತು, ಈಗ ಎರಡೋ ಮೂರೋ. ದಿನಕ್ಕೆ ಐನೂರು ರೂಪಾಯಿ ಮಾಲು ಉಳೀತಿದೆ. ಆ ಬೆಳಗಿನಂಥ ಢವಢವ ಹೋದ ವರ್ಷ ಎರಡೇ ಸಲ ಬಂತು, ಎರಡೂ ಸಲ ಹಂಚು ಬಿಟ್ಟು ಓಡಿಹೋಗಲಿಲ್ಲ. ಇದನ್ನ ಹೇಳಿಕೊಳ್ಳೋಕೆ ನನಗೆ ಹೆಮ್ಮೆ ಇದೆ.

ಬೇರೆ ಕಡೆಯೂ ಪ್ರಯೋಗ ಮಾಡಿದೆ. ಕುಂದವಾಡ ಕೆರೆ ಏರಿ ಮೇಲೆ ನಿಧಾನ ನಡಿಗೆ ಆಗಲಿಲ್ಲ, ಎರಡು ಹೆಜ್ಜೆಗೊಬ್ಬರು ಗಿರಾಕಿ ಮಾತಾಡಿಸ್ತಾರೆ. ಚಿತ್ರದುರ್ಗದ ಕೋಟೆ ಹತ್ತುವಾಗ ಚೆನ್ನಾಗಿ ಆಯ್ತು. ಬಂಡೆಯ ಮೆಟ್ಟಿಲು ಸಮ ಇಲ್ಲ, ಪ್ರತಿ ಹೆಜ್ಜೆಗೂ ಕಾಲು ತಾನೇ ಗಮನ ಕೇಳುತ್ತೆ. ಒನಕೆ ಓಬವ್ವನ ಕಿಂಡಿ ಹತ್ತಿರ ಒಬ್ಬ ಅಜ್ಜಿ, 'ಮೈಯಾಗ ಹುಷಾರಿಲ್ಲೇನಪ್ಪ?' ಅಂತ ನೀರು ಕೊಟ್ಟರು. ಆ ನೀರನ್ನೂ ಗುಟುಕು ಗುಟುಕಾಗಿ ಕುಡಿದೆ. ಇನ್ನೊಂದು ಭಾನುವಾರ ಮೊಳಕಾಲ್ಮೂರು ಕಡೆ ಬ್ರಹ್ಮಗಿರಿಗೆ ಹೋಗಿ ಅಶೋಕನ ಶಾಸನದ ಬಂಡೆ ಮುಂದೆ ಕೂತಿದ್ದೆ. ಬುದ್ಧನ ದಾರಿ ಹಿಡಿದ ರಾಜನ ಮಾತು ಎರಡು ಸಾವಿರ ವರ್ಷದ ಹಿಂದೆಯೇ ನಮ್ಮ ಸೀಮೆಗೆ ಬಂದಿತ್ತು, ನಾನು ಅದನ್ನ ಮೊಬೈಲಲ್ಲಿ ಹುಡುಕ್ತಿದ್ದೆ.

ಒಬ್ಬರಿಗೇ ತಡೆಯೋಕಾಗದ ರಾತ್ರಿಗಳು ಇರ್ತವೆ. ಆಗ ಧ್ಯಾನ ಅಂತ ಕೂರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ನನಗಿನ್ನೂ ಬಗ್ಗದೇ ಇರೋದು ಸಾಲದವರ ಫೋನು. ಮೂರನೇ ರಿಂಗಿನವರೆಗೆ ಅಂಗಾಲು ನೆಲಕ್ಕೆ ಊರಿ ನಿಂತು, ಆಮೇಲೆ ಎತ್ತಬೇಕು ಅಂತ ಮಾಡಿದ್ದೀನಿ. ನಾಲ್ಕರಲ್ಲಿ ಒಂದು ಸಲ ಆಗ್ತಿದೆ.