ಉರಿಯೂತ ಒಂದು ಲೆಕ್ಕ, ಗಡ್ಡೆ ಇನ್ನೊಂದು: ನನ್ನ ಅನುಭವ

ಕರುಳಿನ ಉರಿಯೂತದಿಂದ ಗಡ್ಡೆ ಹೇಗೆ ಬೆಳೆಯುತ್ತದೆ ಅನ್ನೋದನ್ನು ನಾನು ಇಲಿಗಳಲ್ಲಿ ನೋಡುತ್ತೇನೆ. ಮೊದಲು ಅಜಾಕ್ಸಿಮೀಥೇನ್ ಅನ್ನೋ ರಾಸಾಯನಿಕದ ಇಂಜೆಕ್ಷನ್. ಅದು ಕರುಳಿನ ಕೋಶಗಳ ಡಿಎನ್‌ಎಗೆ ಪೆಟ್ಟು ಕೊಡುತ್ತದೆ. ಆಮೇಲೆ ಕುಡಿಯುವ ನೀರಿಗೆ ಡಿಎಸ್‌ಎಸ್ (ಡೆಕ್ಸ್‌ಟ್ರಾನ್ ಸಲ್ಫೇಟ್ ಸೋಡಿಯಂ) ಅನ್ನೋ ಇನ್ನೊಂದು ರಾಸಾಯನಿಕ ಬೆರೆಸುತ್ತೇನೆ. ಅದು ಒಳಪದರ ಕೆಡಿಸಿ ಉರಿಯೂತ ತರುತ್ತದೆ. ಆ ದಿನಗಳಲ್ಲಿ ದಿನಾ ತೂಕ ನೋಡಬೇಕು, ಹಿಕ್ಕೆಯಲ್ಲಿ ರಕ್ತ ಇದೆಯಾ ಅಂತಲೂ ನೋಡಬೇಕು.

ನನ್ನ ಮಟ್ಟಿಗೆ ಜಾಸ್ತಿ ಕೆಲಸ ಇರೋದು ಇದಕ್ಕೂ ಮೊದಲು. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ. ಹಾಗಾಗಿ ಒಂದು ಪಂಜರದಲ್ಲಿರುವ ಇಲಿಗಳ ಬ್ಯಾಕ್ಟೀರಿಯಾ ಬಹುಪಾಲು ಒಂದೇ ತರ. ಪಕ್ಕದ ಪಂಜರದ್ದು ಬೇರೆಯೇ ಇರಬಹುದು. ಜೀನ್ ತೆಗೆದ ಇಲಿಗಳನ್ನು ಒಂದು ಕಡೆ, ಮಾಮೂಲಿ ಇಲಿಗಳನ್ನು ಇನ್ನೊಂದು ಕಡೆ ಸಾಕಿದರೆ, ಕಂಡ ವ್ಯತ್ಯಾಸ ಜೀನ್‌ದೋ ಬ್ಯಾಕ್ಟೀರಿಯಾದ್ದೋ ಹೇಗೆ ಹೇಳೋದು? ಅದಕ್ಕೇ ಒಂದೇ ಸೂಲಿನ ಮರಿಗಳನ್ನು ಒಟ್ಟಿಗೆ ಬೆಳೆಸುತ್ತೇನೆ. ಪಂಜರದಿಂದ ಪಂಜರಕ್ಕೆ ಹಳೆಯ ಹಾಸು ಬೆರೆಸುತ್ತೇನೆ. ಇಂಜೆಕ್ಷನ್‌ಗೆ ಮೊದಲೇ ಹಿಕ್ಕೆ ಎತ್ತಿ ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ.

ಕೊನೆಗೆ ದೊಡ್ಡ ಕರುಳನ್ನು ತೆಗೆದು ಉದ್ದ ಅಳೆಯಬೇಕು. ಆರೋಗ್ಯವಾಗಿರುವ ಕರುಳಿನೊಳಗೆ ಹಿಕ್ಕೆಗಳು ಮಣಿ ಪೋಣಿಸಿದ ಹಾಗೆ ಕಾಣುತ್ತವೆ. ಉರಿಯೂತ ಇದ್ದರೆ ಕರುಳು ಗಿಡ್ಡವಾಗಿ, ದಪ್ಪಗೆ ಆಗಿರುತ್ತದೆ. ತಣ್ಣನೆಯ ಸಲೈನ್‌ನಲ್ಲಿ ತೊಳೆದು, ಉದ್ದಕ್ಕೆ ಸೀಳಿ, ಫಿಲ್ಟರ್ ಪೇಪರ್ ಮೇಲೆ ಹರಡುತ್ತೇನೆ. ಗಡ್ಡೆಗಳು ಹೆಚ್ಚಾಗಿ ಗುದದ್ವಾರದ ಕಡೆಗಿನ ಭಾಗದಲ್ಲೇ ಇರುತ್ತವೆ.

ಉರಿಯೂತದ ಅಂಕ ಮತ್ತು ಗಡ್ಡೆಗಳ ಎಣಿಕೆ, ಇವೆರಡನ್ನೂ ನಾನು ಸೇರಿಸುವುದಿಲ್ಲ. ಇದಕ್ಕೆ ಕಾರಣ 2012ರ ಒಂದು ಅಧ್ಯಯನ. ಉರಿಯೂತ ಹತೋಟಿಯಲ್ಲಿಡುವ ಐಎಲ್-10 ಜೀನ್ ಇಲ್ಲದ, ಸೂಕ್ಷ್ಮಜೀವಿಗಳೇ ಇಲ್ಲದ ಇಲಿಗಳಲ್ಲಿ ಕೆಲವಕ್ಕೆ ಇ. ಕೋಲೈ ಬ್ಯಾಕ್ಟೀರಿಯಾದ ಒಂದು ತಳಿ, ಕೆಲವಕ್ಕೆ ಎಂಟೆರೊಕಾಕಸ್ ಫೀಕಾಲಿಸ್ ಅನ್ನೋ ಬೇರೆ ಬ್ಯಾಕ್ಟೀರಿಯಾ ಕೊಟ್ಟರು. ಉರಿಯೂತ ಎರಡರಲ್ಲೂ ಜೋರಾಗಿತ್ತು. ಗಡ್ಡೆ ಮಾತ್ರ ಇ. ಕೋಲೈ ಕೊಟ್ಟ ಇಲಿಗಳಲ್ಲೇ ಜಾಸ್ತಿ. ಅದರ ಪಿಕೆಎಸ್ ಜೀನ್‌ಗಳನ್ನು ತೆಗೆದಾಗ ಉರಿಯೂತ ಇಳಿಯಲಿಲ್ಲ, ಗಡ್ಡೆ ಕಡಿಮೆಯಾಯಿತು! ಆ ಜೀನ್‌ಗಳಿಂದ ತಯಾರಾಗುವ ಕೊಲಿಬ್ಯಾಕ್ಟಿನ್ ಅನ್ನೋ ವಿಷ ನೇರವಾಗಿ ಡಿಎನ್‌ಎಯನ್ನೇ ಹಾಳುಮಾಡುತ್ತದೆ. ಅದು ಬಿಡುವ ಗುರುತು ಮನುಷ್ಯರ ಕೆಲವು ಕರುಳಿನ ಗಡ್ಡೆಗಳಲ್ಲೂ ಇದೆ ಅಂತ 2020ರಲ್ಲಿ ತೋರಿಸಿದರು.

ಹಾಗಾಗಿ ಉರಿಯೂತ ಇಳಿಸುತ್ತದೆ ಅಂತ ಯಾವ ಬ್ಯಾಕ್ಟೀರಿಯಾ ತಳಿ ಕೈಗೆ ಬಂದರೂ ಮೊದಲು ಪಿಸಿಆರ್ (ಜೀನ್ ಹುಡುಕುವ ಪರೀಕ್ಷೆ) ಮಾಡಿ ಪಿಕೆಎಸ್ ಇದೆಯಾ ನೋಡುತ್ತೇನೆ. ಅಲ್ಸರೇಟಿವ್ ಕೊಲೈಟಿಸ್ ಅನ್ನೋ ದೊಡ್ಡ ಕರುಳಿನ ಉರಿಯೂತದ ಕಾಯಿಲೆಗೆ ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ) ಆಗಿ ಬಳಸುವ ಇ. ಕೋಲೈ ನಿಸ್ಲೆ 1917 ತಳಿಯಲ್ಲೂ ಆ ಜೀನ್‌ಗಳಿವೆ.